ಬೆಕ್ಕು ಮತ್ತು ನೂಲಿನುಂಡೆ

ತುರ್ಕಿಯ ವ್ಯಂಗ್ಯಚಿತ್ರಕಾರ ಮೂಸಾ ಕಾರ್ಟ್ 2004ರಲ್ಲಿ ‘ಜುಮ್ಹುರಿಯೆತ್’ ಪತ್ರಿಕೆಯಲ್ಲಿ ಅಂದಿನ ಪ್ರಧಾನಿ ಎರ್ದೊಆನ್ ಅವರನ್ನು ನೂಲಿನುಂಡೆಯಲ್ಲಿ ಸಿಕ್ಕಿಕೊಂಡ ಬೆಕ್ಕಾಗಿ ಚಿತ್ರಿಸಿದರು. ಪ್ರಧಾನಿ ದಾವೆ ಹೂಡಿದರು. ನ್ಯಾಯಾಲಯ ದಂಡ ವಿಧಿಸಿತು. ಆಗ ‘ಪೆಂಗ್ವೆನ್’ ಎಂಬ ಹಾಸ್ಯಪತ್ರಿಕೆಯು ಅದೇ ಪ್ರಧಾನಿಯನ್ನು ಬಗೆಬಗೆಯ ಪ್ರಾಣಿಗಳಾಗಿ ಮುಖಪುಟದಲ್ಲಿ ಮುದ್ರಿಸಿತು. 2016ರಲ್ಲಿ ಮೂಸಾ ಅವರು ಪತ್ರಿಕೆಯ ಸಹೋದ್ಯೋಗಿಗಳೊಡನೆ ಬಂಧಿತರಾಗಿ, ಸುಮಾರು ಒಂಬತ್ತು ತಿಂಗಳು ಸಿಲಿವ್ರಿ ಸೆರೆಮನೆಯಲ್ಲಿದ್ದರು.

ಇದನ್ನೋದಿ ಆ ಪ್ರಧಾನಿಯನ್ನು ನೋಡಿ ನಗಲು ನಮ್ಮಿಂದಾಗಲಿಲ್ಲ. ಮುಖ್ಯೋಪಾಧ್ಯಾಯರಾಗಿದ್ದಾಗ, ಕರಿಹಲಗೆಯ ಮೇಲೆ ನಮ್ಮನ್ನು ಬೆತ್ತ ಹಿಡಿದ ಗೂಬೆಯಾಗಿ ಬರೆದ ಬಾಲಕನೊಬ್ಬನನ್ನು ದಿನವಿಡೀ ಬಿಸಿಲಲ್ಲಿ ನಿಲ್ಲಿಸಿದ್ದೆವು. ಚಿತ್ರ ನಮ್ಮನ್ನು ಹೋಲುತ್ತಿತ್ತು. ಕೋಪಕ್ಕೆ ಅದೇ ಕಾರಣ. ನಮ್ಮ ಅಧಿಕಾರ ಚಿಕ್ಕದಾಗಿತ್ತು, ಅಸಹನೆ ಚಿಕ್ಕದಾಗಿರಲಿಲ್ಲ. ಆ ಹುಡುಗ ಮತ್ತೆ ನಮ್ಮ ಶಾಲೆಯಲ್ಲಿ ಚಿತ್ರ ಬರೆಯಲಿಲ್ಲ. ಅಂದು ಹಲಗೆ ಒರೆಸಿದ್ದು ನಮ್ಮ ಕೈಯೇ.