ನೇತ್ರಾಣಿಲಿ ಮಗಳು ಮುಳುಗಿದ್ದು

ಅಕ್ಕಂದ್ರೇ, ನೇತ್ರಾಣಿ ಹೇಳಿರೆ ಮುರುಡೇಶ್ವರಂದ ಸುಮಾರು 19 ಕಿಲೋಮೀಟರು ದೂರ ಕಡಲಿಲಿಪ್ಪ ದ್ವೀಪ. ಮೇಗಂದ ನೋಡಿರೆ ಹೃದಯದ ಹಾಂಗೆ ಕಾಣ್ತಡ. ಅಲ್ಲಿ ಕಡಲ ಅಡಿಂಗೆ ಇಳುದು ಹವಳ, ಮೀನು ನೋಡುದು. ಹೋಯೆಕ್ಕು ಹೇಳಿ ಮಗಳು ಹಟ ಹಿಡುದತ್ತು.

ಎನಗೆ ಎದೆ ಡಬಡಬ. ಎನ್ನ ತಮ್ಮ° ಪಯಸ್ವಿನಿಲಿ ಮುಳುಗಿ ಹೋದ ಮತ್ತೆ ಮಕ್ಕಳ ಹೊಳೆಕರೆಂಗೇ ಬಿಟ್ಟಿದಿಲ್ಲೆ ಆನು. ಇದಕ್ಕೆ ಈಜುಲೂ ಅರಡಿಯ! ಅರಡಿಯದ್ದೋರ ಕಲಿಶುವವು ಕೈ ಹಿಡುದೇ ಇಳಿಶುತ್ತವಡ. ಬೆನ್ನಿಲಿ ಗಾಳಿ ತುಂಬಿದ ಸಿಲಿಂಡರು (ಅಡಿಗೆ ಗೇಸಿಂದರ ತಮ್ಮನ ಹಾಂಗೆ). ಬಾಯಿಲಿಯೇ ಉಸಿರು ತೆಗೆಯೆಕ್ಕು, ಕಟ್ಟಿ ಹಿಡಿವಲಾಗ. ಕೆಳ ಹೋದ ಹಾಂಗೆ ನೀರು ಕೆಮಿಯ ಒತ್ತುತ್ತು, ಅಂಬಗ ಮೂಗು ಹಿಡುದು ಮೆಲ್ಲಂಗೆ ಊದೆಕ್ಕು. ಸಂಪಾಜೆ ಘಾಟಿಲಿ ನಮ್ಮ ಕೆಮಿ ಕಟ್ಟುತ್ತಿಲ್ಲೆಯಾ, ಹಾಂಗೇ. ಶೀತ ಇದ್ದೋರು ಇಳಿವಲಾಗ. ಶೀತ ಬರಲಿ ಹೇಳಿ ಗ್ರೇಶಿದೆ, ಬಯಿಂದಿಲ್ಲೆ.

ಆನುದೆ ಬೋಟಿಲಿ ಹೋದೆ. ಅದು ಮುಳುಗಿಪ್ಪಗ ಮೇಗೆ ಬಪ್ಪ ಗುಳ್ಳೆಗಳನ್ನೇ ನೋಡಿಗೊಂಡು ಕೂದೆ. ಗುಳ್ಳೆ ಬಂದರೆ ಉಸಿರಿದ್ದು ಹೇಳಿ ಲೆಕ್ಕ.

ಮೇಗೆ ಬಂದು ಬಾಯಿಯ ಕೊಳವೆ ತೆಗದ್ದೇ ತಡ, "ಅಬ್ಬೇ, ಗಿಳಿಮೀನು ಹವಳ ಕಚ್ಚುದು ಕಟಕಟ ಕೇಳ್ತು!"