ಮೂರು ಕಿಲೋ ಅಕ್ಕಿ

ಸೂರತ್ತಿನ ಸರಕಾರಿ ಕಚೇರಿಯೊಂದರಲ್ಲಿ ಹಾಜರಿ-ರಜೆಗಳ ಲೆಕ್ಕ ಇಡುವದು ನನ್ನ ಕೆಲಸ. ‘ಒಂದು ದಿನದ ಮಾತು, ಹಾಜರೆಂದು ಬರೆದುಬಿಡಿ’ ಎಂದು ಯಾರಾದರೂ ಕೇಳಿದಾಗಲೆಲ್ಲ ಊರಿನ ಸಾಲಿಯ ನಮ್ಮ ಗುರುಗಳು ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ಹಾವೇರಿ ಜಿಲ್ಲೆಯ ಸಣ್ಣ ಹಳ್ಳಿ ನಮ್ಮದು. ಸಾಲಿಯೆಂದರೆ ಹೆಂಚಿನ ಎರಡು ಕೋಣೆ, ನಾಲ್ಕು ಇಯತ್ತೆ, ಇಬ್ಬರು ಗುರುಗಳು. ಮಳೆ ಜೋರಾದರೆ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ಕೂಡುತ್ತಿದ್ದೆವು. ಬಿಸಿಯೂಟ ನಮ್ಮ ಕಡೆ ಬಂದದ್ದು 2003ರಲ್ಲಿ. ಅದಕ್ಕೂ ಮೊದಲು, 1995ರಲ್ಲಿ ಆರಂಭವಾದ ಕೇಂದ್ರ ಸರಕಾರದ ಯೋಜನೆಯಂತೆ, ಪ್ರತಿ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಸಿಗುತ್ತಿತ್ತು. ಆದರೆ ಹಾಜರಿ ನೂರಕ್ಕೆ 80 ಇರಬೇಕು. ಜೋಳದ ರೊಟ್ಟಿಯ ನಮ್ಮ ಮನೆಯಲ್ಲಿ ಅನ್ನವೆಂದರೆ ಹಬ್ಬ!

ಮೂರನೆಯ ಇಯತ್ತೆಯಲ್ಲಿದ್ದಾಗ ಹತ್ತಿ ಬಿಡಿಸಲು ಹೋಗಿ ಒಂದು ತಿಂಗಳಲ್ಲಿ ಒಂಬತ್ತು ದಿನ ಸಾಲಿ ತಪ್ಪಿಸಿದೆ. ಅಕ್ಕಿ ಕೊಡುವ ದಿನ ಅವ್ವ ಚೀಲ ಹಿಡಿದುಕೊಂಡೇ ಬಂದಳು.

“ಗುರುಗಳ, ನಾಕೈದು ದಿನ ಹಾಜರಿ ಹಾಕಿಬಿಡ್ರಿ. ಬಡವರು ಅದೀವಿ.”

ಗುರುಗಳು ಬಹಳ ಹೊತ್ತು ಸುಮ್ಮನಿದ್ದರು. “ಸುಳ್ಳು ಬರೀಲಿಕ್ಕೆ ನನ್ನ ಕಡೆ ಆಗೂದಿಲ್ಲ, ತಂಗೀ” ಎಂದರು. ಅವ್ವ ಬರಿದಾದ ಚೀಲ ಮಡಚಿಕೊಂಡು ಹೊರಟಳು. ದಾರಿಯುದ್ದಕ್ಕೂ ನಾನು ಗುರುಗಳನ್ನು ಮನಸ್ಸಿನಲ್ಲಿಯೇ ಬಯ್ದೆ.

ಮರುದಿನ ಹೊಲಕ್ಕೆ ಹೊರಡುವ ಹೊತ್ತಿಗೆ ಗುರುಗಳು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು! “ನಡಿಯೋ ತಮ್ಮಾ. ಹತ್ತಿ ಸಂಜೀಕ ಬಿಡಿಸೀಯಂತ.” ತಿಂಗಳುದ್ದಕ್ಕೂ ಹೀಗೆಯೇ ಬಂದು ಕರೆದೊಯ್ದರು, ತಪ್ಪಿದ ಮಗ್ಗಿಗಳನ್ನು ದಾರಿಯಲ್ಲಿಯೇ ಹೇಳಿಸಿದರು. ತಿಂಗಳ ಕೊನೆಗೆ ಅಕ್ಕಿ ಬಂತು. ಅವ್ವ ಮೊದಲ ಅನ್ನವನ್ನು ತಾಟಿನಲ್ಲಿ ಮುಚ್ಚಿ ಅವರಿಗೇ ಕಳಿಸಿದಳು. ಅವರು ಒಂದು ತುತ್ತು ಉಂಡು ಉಳಿದದ್ದನ್ನು ನನಗೆ ಉಣ್ಣಿಸಿದರು.

ಸೂರತ್ತಿನ ಮಹಾನಗರಪಾಲಿಕೆ ಗುಜರಾತಿಯೊಡನೆ ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ಅವುಗಳಲ್ಲಿ ಕನ್ನಡವಿಲ್ಲ. ಆದ್ದರಿಂದ ರವಿವಾರ ಮುಂಜಾನೆ ಮಗಳಿಗೆ ಮನೆಯಲ್ಲಿಯೇ ಕನ್ನಡ ಸಾಲಿ. ನಾನೇ ಗುರು. ಮೊನ್ನೆ ಅವಳ ವಹಿ ತೆರೆದರೆ ಕೊನೆಯ ಪುಟದಲ್ಲಿ ಒಂದು ಹಾಜರಿ ಪಟ್ಟಿ. ಅವಳದಲ್ಲ, ನನ್ನದು! ಮೂರು ರವಿವಾರಗಳ ಮುಂದೆ ಸೊಟ್ಟ ಅಕ್ಷರಗಳಲ್ಲಿ ‘ಗೈರು’ ಎಂದಿತ್ತು.

“ಕಚೇರಿಯ ಕೆಲಸವಿತ್ತಲ್ಲ, ಒಂದನ್ನಾದರೂ ಅಳಿಸವ್ವ” ಎಂದೆ.

“ಸುಳ್ಳು ಬರೀಬಾರದು ಅಂತ ನೀವೇ ಹೇಳೀರಲ್ಲಪ್ಪಾ!”

ಗುರುಗಳು ಈಗಿಲ್ಲ. ಇದ್ದಿದ್ದರೆ ನಕ್ಕು, ಬರುವ ರವಿವಾರ ಮುಂಜಾನೆ ನನ್ನ ಬಾಗಿಲಿಗೆ ಬಂದು ಕೂಡುತ್ತಿದ್ದರು.