ಆಯಾಸವೂ ಆಲಸ್ಯವೂ

ಪೋಷಕರು ಶಾಲೆಗೆ ಬಂದು ನಮ್ಮೊಡನೆ ಮಾತನಾಡುವಾಗ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು, “ನಮ್ಮ ಹುಡುಗಿ ಬಹಳ ಸೋಮಾರಿ ಅಮ್ಮಾ, ಸ್ವಲ್ಪ ಗದರಿಸಿ ಹೇಳಿರಿ” ಎಂಬುದು. ಉಪಾಧ್ಯಾಯಿನಿಯರ ಕೊಠಡಿಯಲ್ಲಿಯೂ ಈ ಮಾತು ಅಪರೂಪವಲ್ಲ. ಬಹುಮಂದಿಯ ವಿಷಯದಲ್ಲಿ ಅದು ನಿಜವೂ ಆಗಿರುವುದುಂಟು. ಆದರೆ ಆಲಸ್ಯದ ವೇಷವನ್ನು ಹಾಕಿಕೊಂಡು ಬರುವ ರೋಗಗಳೂ ಕೆಲವು ಇವೆ. ಅವುಗಳಲ್ಲೊಂದನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ನಾಲ್ಕು ಮಾತು ತಿಳಿಸಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿದ್ದಿತು. ಅದರ ಹೆಸರು ಮಯಸ್ತೀನಿಯಾ ಗ್ರೇವಿಸ್. ಹೆಸರು ನಾಲಗೆಗೆ ಕಠಿನ. ಅರ್ಥವಾದರೋ ಸುಲಭ: ಸ್ನಾಯುಗಳ ತೀವ್ರವಾದ ಬಲಹೀನತೆ.

ಭೀಮಸಮುದ್ರದ ಕಡೆಯಿಂದ ಬಂದು ನಮ್ಮಲ್ಲಿ ಓದಿದ ಒಬ್ಬ ವಿದ್ಯಾರ್ಥಿನಿಯ ಮೂಲಕ ನನಗೆ ಈ ರೋಗದ ಪರಿಚಯವಾಯಿತು. ಆಕೆಯ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಆದರೂ ಹೆಸರು ಬೇಡ. ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಸ್ವರ ಎಲ್ಲರ ಸ್ವರಕ್ಕಿಂತಲೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಧ್ಯಾಹ್ನ ಕನ್ನಡದ ಪಾಠದಲ್ಲಿ ಗದ್ಯವನ್ನು ಗಟ್ಟಿಯಾಗಿ ಓದಹೇಳಿದರೆ ಮೊದಲಿನ ಹತ್ತು ಸಾಲು ಚೆನ್ನಾಗಿ ಬಂದು, ಆಮೇಲೆ ಮಾತು ಮೂಗಿನಿಂದ ಹೊರಟು, ಕಡೆಗೆ ಏನೂ ತಿಳಿಯದಂತಾಗುತ್ತಿತ್ತು. ಕಣ್ಣಿನ ರೆಪ್ಪೆಗಳು, ಅದರಲ್ಲಿಯೂ ಎಡಗಣ್ಣಿನ ರೆಪ್ಪೆ, ಜೋಲುಬೀಳುತ್ತಿದ್ದವು. ಕರಿಹಲಗೆಯ ಅಕ್ಷರ ಎರಡೆರಡಾಗಿ ಕಾಣುವುದೆಂದು ಹೇಳುತ್ತಿದ್ದಳು. ನಿದ್ದೆಗೇಡಿ ಎಂದು ಗೆಳತಿಯರು ನಗುತ್ತಿದ್ದರು.

ಮನೆಯಲ್ಲಿಯೂ ಇದೇ ಕಥೆ. ಅಡಿಕೆಯ ಸುಗ್ಗಿಯಲ್ಲಿ ಮನೆಯ ಹೆಂಗಸರೊಡನೆ ನಸುಕಿನಲ್ಲಿ ಸುಲಿಯಲು ಕುಳಿತರೆ ಮೊದಲು ಎಲ್ಲರಿಗಿಂತ ಚುರುಕು. ಸ್ವಲ್ಪ ಹೊತ್ತಿಗೆಲ್ಲ ಕೈ ಸೋತು ಅಡಿಕೆ ಬೆರಳಿನಿಂದ ಜಾರುವುದು. ಅಜ್ಜಿಯವರು ಅವಳಿಗೆ “ಕೆಲಸಗಳ್ಳಿ” ಎಂದೇ ಹೆಸರಿಟ್ಟಿದ್ದರು. ಊಟಕ್ಕೆ ರೊಟ್ಟಿಯನ್ನು ಬಿಟ್ಟು ಮುದ್ದೆಯನ್ನೇ ಕೇಳುತ್ತಿದ್ದಳು, ಮುದ್ದೆಯನ್ನು ಅಗಿಯಬೇಕಾಗಿಲ್ಲವಷ್ಟೆ! ದೃಷ್ಟಿ ತೆಗೆದದ್ದಾಯಿತು, ಶಕ್ತಿಯ ಟಾನಿಕ್ಕು ಕುಡಿಸಿದ್ದಾಯಿತು. ಯಾವುದರಿಂದಲೂ ಗುಣ ಕಾಣಲಿಲ್ಲ.

ನಾನು ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ, ಯಾವ ಗಂಟೆಯಲ್ಲಿ ಅವಳ ಕಣ್ಣು, ಮಾತು, ಕೈಬರಹ ಹೇಗಿದ್ದವೆಂಬುದನ್ನು ಗುರುತು ಹಾಕುತ್ತ ಬಂದೆನು. ಬೆಳಗ್ಗೆ ಬಲ, ಸಂಜೆಗೆ ಬಲಹೀನತೆ. ದುಡಿದರೆ ಹೆಚ್ಚು, ವಿಶ್ರಮಿಸಿದರೆ ಕಡಮೆ. ಸೋಮಾರಿಗೆ ಕೆಲಸವನ್ನು ಆರಂಭಿಸುವುದು ಕಷ್ಟ; ಈ ಮಗುವಿಗೆ ಆರಂಭ ಸುಲಭವಾಗಿದ್ದು ಮುಂದುವರಿಸುವುದು ಕಷ್ಟವಾಗಿತ್ತು. ಸೋಮಾರಿಯು ಆಟದ ಗಂಟೆ ಹೊಡೆದೊಡನೆ ಎದ್ದು ಓಡುವಳು. ಇವಳಾದರೋ ತಾನು ಬಹಳವಾಗಿ ಮೆಚ್ಚಿದ ಥ್ರೋಬಾಲ್ ಆಟದಲ್ಲಿಯೂ ನಡುವೆಯೇ ಕುಳಿತುಬಿಡುತ್ತಿದ್ದಳು. ಆ ಪುಸ್ತಕವನ್ನು ಅವಳ ತಂದೆಯವರ ಕೈಗೆ ಕೊಟ್ಟು, ನರರೋಗದ ತಜ್ಞರಿಗೆ ತೋರಿಸಿರೆಂದು ಕೇಳಿಕೊಂಡೆನು. ಅವರು ಮಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಲು ನಿಶ್ಚಯಿಸಿದರು.

ಅಜ್ಜಿಯವರು ಇದಕ್ಕೆ ಸುತರಾಂ ಒಪ್ಪಲಿಲ್ಲ. “ಅದು ಹುಚ್ಚಾಸ್ಪತ್ರೆ; ಅಲ್ಲಿಗೆ ಹೋದಳೆಂದು ಊರಿಗೆ ಗೊತ್ತಾದರೆ ನಾಳೆ ಇವಳನ್ನು ಯಾರು ಮದುವೆಯಾದಾರು?” ಎಂದು ಅತ್ತರು. ಅನೇಕ ಮನೆಗಳಲ್ಲಿ ಈ ಭಯವುಂಟಾದಕಾರಣ ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ಮೈಸೂರು ಸಂಸ್ಥಾನದ ಮಾನಸಿಕ ರೋಗಗಳ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮನಸ್ಸಿನ ರೋಗಗಳಿಗೆ ಹೇಗೋ ಹಾಗೆಯೇ ಮಿದುಳು, ನರ, ಸ್ನಾಯುಗಳ ರೋಗಗಳಿಗೂ ಅಲ್ಲಿ ಚಿಕಿತ್ಸೆಯುಂಟು. ಯಾವ ರೋಗಕ್ಕಾಗಿ ಹೋದರೂ ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಕಡೆಗೆ ತಂದೆಯವರು ಗಟ್ಟಿಮನಸ್ಸು ಮಾಡಿ ಕರೆದುಕೊಂಡು ಹೋದರು. ರೋಗದ ಹೆಸರು ತಿಳಿಯಿತು.

ಈ ರೋಗದ ಬಗೆಯನ್ನು ನಾನು ಓದಿ, ಕೇಳಿ ಅರಿತಷ್ಟನ್ನು ಹೇಳುತ್ತೇನೆ. ಕೈಯೆತ್ತಬೇಕೆಂದು ಮನಸ್ಸು ಮಾಡಿದೊಡನೆ ಆ ಆಜ್ಞೆ ನರದ ತುದಿಯವರೆಗೆ ಬರುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಸ ಹೊರಟು, ಸ್ನಾಯುವಿನ ಜೀವಕೋಶದ ಮೇಲ್ಮೈಯಲ್ಲಿರುವ ಗ್ರಾಹಕಗಳನ್ನು ಸೇರುತ್ತದೆ. ಗ್ರಾಹಕವೆಂದರೆ ತನಗೆ ಹೊಂದುವ ರಸವನ್ನು ಮಾತ್ರ ಹಿಡಿದು, ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪುಟ್ಟ ಬಾಗಿಲು. ಇನ್ನು ನಮ್ಮ ರಕ್ತದಲ್ಲಿ ಹೊರಗಿನ ರೋಗಾಣುಗಳನ್ನು ಹಿಡಿದು ನಾಶಮಾಡುವುದಕ್ಕಾಗಿ ಪ್ರತಿಕಾಯಗಳೆಂಬ ಕಾವಲುಗಾರರಿದ್ದಾರೆ. ಈ ರೋಗದಲ್ಲಿ ಅವರೇ ದಾರಿತಪ್ಪಿ ನಮ್ಮ ಗ್ರಾಹಕಗಳ ಮೇಲೆ ಬೀಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇವಕ್ಕೆ ಸ್ವಪ್ರತಿಕಾಯಗಳೆಂದು ಹೆಸರು. ಇವು ಕೆಲವು ಗ್ರಾಹಕಗಳನ್ನು ಮುಚ್ಚುತ್ತವೆ, ಕೆಲವನ್ನು ಬೇಗನೆ ಸವೆಯಿಸುತ್ತವೆ, ಅವು ನಿಂತ ಮೇಲ್ಮೈಯನ್ನೇ ಹಾಳುಗೆಡಹುತ್ತವೆ.

ಭೀಮಸಮುದ್ರದ ಕೆರೆಯನ್ನು ಕಂಡವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕೆರೆಯಲ್ಲಿ ನೀರಿದೆ, ಕೆಳಗಿನ ತೋಟದ ನೆಲವೂ ಒಳ್ಳೆಯದೇ. ಆದರೆ ತೂಬಿಗೆ ಕಲ್ಲು ಸಿಕ್ಕಿಕೊಂಡರೆ ಅಡಿಕೆಯ ಗಿಡ ಬಾಡುತ್ತದೆ. ಗಿಡವನ್ನು ಬೈದು ಪ್ರಯೋಜನವೇನು? ನಾಗರಹಾವು ಕಡಿದವರ ರೆಪ್ಪೆ ಬೀಳುವುದನ್ನು ನಮ್ಮ ಹಳ್ಳಿಗಳ ಹಿರಿಯರು ಕಂಡು ಬಲ್ಲರು. ಆ ವಿಷವೂ ಇವೇ ಗ್ರಾಹಕಗಳನ್ನು ಮುಚ್ಚುತ್ತದೆ.

ಈ ರೋಗಕ್ಕೆ ಮೊದಲು ನೆಚ್ಚತಕ್ಕ ಔಷಧವನ್ನು ಕಂಡವಳು ಒಬ್ಬ ಹೆಂಗಸೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ಸ್ಕಾಟ್ಲೆಂಡಿನಲ್ಲಿ 1888ರಲ್ಲಿ ಹುಟ್ಟಿದ ಮೇರಿ ವಾಕರ್ ಎಂಬಾಕೆ ಲಂಡನ್ನಿನ ಗ್ರೀನಿಚ್‌ನಲ್ಲಿ ಸೇಂಟ್ ಆಲ್ಫೀಜ್ ಆಸ್ಪತ್ರೆಯ ಕಿರಿಯ ಹುದ್ದೆಯ ವೈದ್ಯೆ. ಈ ರೋಗದ ಲಕ್ಷಣಗಳು ದಕ್ಷಿಣ ಅಮೆರಿಕದ ಕ್ಯುರಾರೆ ಎಂಬ ಬಾಣವಿಷದ ಲಕ್ಷಣಗಳನ್ನು ಹೋಲುವುದನ್ನು ಮನಗಂಡು, ಆ ವಿಷಕ್ಕೆ ಮದ್ದಾದ ಫೈಸೊಸ್ಟಿಗ್ಮಿನ್ನನ್ನೇ 1934ರಲ್ಲಿ ತನ್ನ ರೋಗಿಗೆ ಚುಚ್ಚಿದಳು. ಬಿದ್ದ ರೆಪ್ಪೆ ಸ್ವಲ್ಪ ಹೊತ್ತಿನಲ್ಲಿಯೇ ಮೇಲೆದ್ದಿತು. ನರದ ರಸ ಬೇಗ ಒಡೆದುಹೋಗದಂತೆ ಈ ಮದ್ದು ತಡೆಯುವುದರಿಂದ, ಉಳಿದ ಕೆಲವೇ ಗ್ರಾಹಕಗಳಿಗೂ ಸುದ್ದಿ ಮುಟ್ಟುತ್ತದೆ. ಅದರ ವರ್ಗದ ನಿಯೋಸ್ಟಿಗ್ಮಿನ್ ಇಂದು ನಮ್ಮ ದೇಶದಲ್ಲಿ ಹಾವಿನ ಕಡಿತದ ಚಿಕಿತ್ಸೆಯಲ್ಲಿಯೂ ಬಳಕೆಯಲ್ಲಿದೆ.

ಕಾರಣ ತಿಳಿದದ್ದು ತಡವಾಗಿ. ಶರೀರವೇ ತನ್ನ ಗ್ರಾಹಕಗಳ ಮೇಲೆ ಬೀಳುತ್ತಿರಬಹುದೆಂದು 1960ರಲ್ಲಿ ಜಾನ್ ಸಿಂಪ್ಸನ್ ಎಂಬ ವೈದ್ಯರು ಊಹಿಸಿದರು. 1973ರಲ್ಲಿ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬವರು ವಿದ್ಯುತ್ತನ್ನು ಹೊಮ್ಮಿಸುವ ಒಂದು ಹಾವುಮೀನಿನಿಂದ ಈ ಗ್ರಾಹಕವನ್ನು ತೆಗೆದು ಮೊಲಗಳಿಗೆ ಚುಚ್ಚಲಾಗಿ, ಮೊಲಗಳು ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡು ತಾವೇ ನಿತ್ರಾಣವಾಗಿ ಬಿದ್ದವು. ಅದೇ ವರ್ಷ ಫ್ಯಾಂಬ್ರೋ, ಡ್ರಾಕ್‌ಮನ್, ಸತ್ಯಮೂರ್ತಿ ಎಂಬ ಮೂವರು, ರೋಗಿಗಳ ಸ್ನಾಯುಗಳಲ್ಲಿ ಗ್ರಾಹಕಗಳು ಬಹಳ ಕಡಮೆಯಾಗಿರುವುದನ್ನು ತೋರಿಸಿದರು. ಅವನ್ನು ಎಣಿಸಲು ನೆರವಾದದ್ದು ತೈವಾನಿನ ಕಟ್ಟುಹಾವಿನ ವಿಷ! ಇಂದು ರಕ್ತಪರೀಕ್ಷೆಯಿಂದಲೇ ಬಹುಮಂದಿಯಲ್ಲಿ ಈ ಪ್ರತಿಕಾಯಗಳನ್ನು ಕಾಣಬಹುದು.

ತೂಬು ಮುಚ್ಚುವುದೊಂದೇ ಕೇಡಲ್ಲ. ಹಗಲಿರುಳು ತೆರೆದೇ ಇದ್ದರೂ ತೋಟ ಕೊಳೆಯುತ್ತದೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯರು 1835ರಲ್ಲಿ ವರ್ಣಿಸಿದ ಥೈರಾಯ್ಡ್ ರೋಗದಲ್ಲಿ ಆಗುವುದು ಇದೇ. ಅಲ್ಲಿ ಸ್ವಪ್ರತಿಕಾಯವು ಥೈರಾಯ್ಡ್ ಗ್ರಂಥಿಯ ಗ್ರಾಹಕವನ್ನು ಮುಚ್ಚುವುದಕ್ಕೆ ಬದಲಾಗಿ ಸದಾ ಕೆಣಕುತ್ತಿರುತ್ತದೆ. ಚೆನ್ನಾಗಿ ಉಂಡರೂ ಮೈ ಇಳಿಯುವುದು, ಎದೆ ಬಡಿದುಕೊಳ್ಳುವುದು, ಕೈ ನಡುಗಿ ಅಕ್ಷರ ಕೆಡುವುದು, ಕಣ್ಣು ಮುಂದಕ್ಕೆ ಚಾಚಿದಂತೆ ಕಾಣುವುದು, ಸಿಡುಕು ಹೆಚ್ಚುವುದು ಇದರ ಗುರುತುಗಳು. ಇದು ಹೆಂಗಸರಲ್ಲಿಯೇ ಹೆಚ್ಚು. ಒಂದು ರೋಗದ ಹುಡುಗಿಗೆ ಸೋಮಾರಿಯೆಂದೂ ಇನ್ನೊಂದರ ಹುಡುಗಿಗೆ ಜಗಳಗಂಟಿಯೆಂದೂ ಹೆಸರು ಬರುತ್ತದೆ. ಎರಡೂ ಅವರ ಗುಣದೋಷಗಳಲ್ಲ.

ನಮ್ಮ ವಿದ್ಯಾರ್ಥಿನಿಗೆ ಪಿರಿಡೊಸ್ಟಿಗ್ಮಿನ್ ಮಾತ್ರೆಯನ್ನು ಹೊತ್ತುಹೊತ್ತಿಗೆ ಕೊಟ್ಟರು. ಪ್ರತಿಕಾಯಗಳ ಹಾವಳಿಯನ್ನು ತಗ್ಗಿಸಲು ಸ್ಟೀರಾಯ್ಡ್ ಔಷಧವನ್ನೂ ಸೇರಿಸಿದರು. ಎದೆಯೆಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಅದರಿಂದ ಅನೇಕರಿಗೆ ಗುಣವಾಗುವುದೆಂದು 2016ರಲ್ಲಿ ಪ್ರಕಟವಾದ ಹಲವು ದೇಶಗಳ ಪರೀಕ್ಷೆಯೊಂದು ಸ್ಥಿರಪಡಿಸಿದೆ. ಗುಣ ಒಂದೇ ದಿನದಲ್ಲಿ ಬರಲಿಲ್ಲ. ಆದರೂ ಅವಳು ಹತ್ತನೆಯ ತರಗತಿಯನ್ನು ಮುಗಿಸಿದಳು, ಮುಂದೆ ಓದಿದಳು, ತನ್ನ ರೋಗವನ್ನು ಮುಚ್ಚಿಡದೆ ಹೇಳಿಯೇ ಮದುವೆಯಾದಳು.

ಅವಳ ಮಗು ಹುಟ್ಟಿದಾಗ ಹಾಲನ್ನು ಚೀಪಲಾರದೆ, ಅಳುವ ಸ್ವರವೂ ಕ್ಷೀಣವಾಗಿತ್ತು. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದ ಮಗುವನ್ನು ಸೇರಿ, ಕೆಲವು ಕೂಸುಗಳಲ್ಲಿ ಹೀಗಾಗುವುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಆರೈಕೆ ಸಿದ್ಧವಾಗಿತ್ತು. ಎರವಲು ಬಂದ ಪ್ರತಿಕಾಯಗಳು ಕೆಲವು ವಾರಗಳಲ್ಲಿ ಕರಗಿಹೋಗಿ ಮಗು ಗಟ್ಟಿಯಾಗಿ ಅತ್ತಿತು. ಮೊಮ್ಮಗಳ ಮಗುವಿನ ಆ ಅಳುವನ್ನು ಕೇಳಿದ ಮುತ್ತಜ್ಜಿಯೇ ಈಗ ಊರಿನಲ್ಲಿ ಯಾರ ಮನೆಯ ಹುಡುಗಿಯ ರೆಪ್ಪೆ ಜೋತರೂ, “ಮೊದಲು ಡಾಕ್ಟರಿಗೆ ತೋರಿಸಿರಿ” ಎನ್ನುವರಂತೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಅನೇಕರಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟು. ಮಗುವಿನ ಬಲ ಬೆಳಗ್ಗೆ ಇದ್ದು ಸಂಜೆಗೆ ಹೋಗುವುದಾದರೆ, ರೆಪ್ಪೆ ಬೀಳುವುದಾದರೆ, ಓದುತ್ತ ಓದುತ್ತ ಸ್ವರ ಕೆಡುವುದಾದರೆ, ಗಂಟೆ ಸಹಿತ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನುಂಗುವುದಕ್ಕೋ ಉಸಿರಾಡುವುದಕ್ಕೋ ಕಷ್ಟವಾದರೆ ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಜೆಂಟಾಮೈಸಿನ್‌ನಂಥ ಕೆಲವು ಔಷಧಗಳು ಈ ರೋಗವನ್ನು ಕೆರಳಿಸುವುದರಿಂದ, ಬೇರೆ ಯಾವ ಕಾಯಿಲೆಗೆ ಹೋದರೂ ಈ ರೋಗದ ಹೆಸರನ್ನು ಹೇಳಲು ಮರೆಯಬೇಡಿರಿ. ಗುಣವಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿರಿ. ಗದರಿಸುವುದಕ್ಕೆ ಮುಂಚೆ ಒಂದು ವಾರ ಸುಮ್ಮನೆ ಗಮನಿಸಿರಿ. ಸೋಮಾರಿಯಾದ ಮಗುವಿಗೆ ಅದರಿಂದ ಹೆಚ್ಚು ನಷ್ಟವಿಲ್ಲ, ರೋಗಿಯಾದ ಮಗುವಿಗೆ ಅದರಿಂದ ಜೀವವೇ ಉಳಿಯಬಹುದು.